ಅರವತ್ತೊಂಬತ್ತೂ ಅರವತ್ತೊಂಬತ್ತೂ ಸೇರಿ ಎಪ್ಪತ್ತೆರಡು

ಹೋದ ವಾರ ಬ್ಲೌಸ್ ತರೋಕೆ ಅಂತ ವೆಸ್ಟ್ ಮಾಂಬಲಂಗೆ ಹೋಗಿದ್ದೆ. ಅಲ್ಲಿಂದ ಮನೆ ಬದಲಾಯಿಸಿ ಅಣ್ಣಾ ನಗರಕ್ಕೆ ಬಂದರೂ ಟೈಲರ್ ಮಾತ್ರ ಅಲ್ಲಿಯವನೇ. ಇಲ್ಲಿಯವರ ಕೈಗೆ ರೇಷ್ಮೆ ಬಟ್ಟೆ ಕೊಟ್ಟು ಒಂದು ಸಲ ಅತ್ತಿದ್ದೇನೆ, ಸಾಕು. ಸ್ಟೇಷನ್ ಪಕ್ಕದ ಗಲ್ಲಿಗೆ ತಿರುಗಿದ್ದೇ ತಡ, ಕಾದ ಎಣ್ಣೆ, ಬೆಂದ ಈರುಳ್ಳಿ, ಸಾಂಬಾರು ಪುಡಿ ಎಲ್ಲ ಕಲಸಿದ ಬಿಸಿ ಗಾಳಿ ಮುಖಕ್ಕೆ ರಪ್ ಅಂತ ಹೊಡೆಯಿತು. ಐತಾಳರ ಹೋಟೆಲಿನ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು. ಈಗ ಅದರ ಬಾಯಿ ರಸ್ತೆ ಕಡೆಗಿದೆ. ಆಗ ನಮ್ಮ ಕಿಟಕಿ ಕಡೆಗಿತ್ತು. ನನ್ನ ಕೈ ತಾನಾಗೇ ಕತ್ತಿಗೆ ಹೋಯಿತು. ಅಲ್ಲಿ ಒಂದು ತೆಳು ಗೆರೆ ಇದೆ, ಸರ ಹಾಕಿಕೊಂಡರೆ ಕಾಣಿಸೋದಿಲ್ಲ.

ಆ ಗಲ್ಲಿಯಲ್ಲಿ, ಅದೇ ಹೋಟೆಲಿನ ಮೇಲಿನ ಎರಡನೇ ಮಹಡಿಯಲ್ಲಿ, ಒಂದು ಅಕ್ಟೋಬರ್ ಮಳೆಯಿಂದ ಏಪ್ರಿಲ್ ಬಿಸಿಲಿನವರೆಗೆ ನಾನು ಬೋನಿಗೆ ಬಿದ್ದ ಇಲಿ ಹಾಗೆ ಬದುಕಿದ್ದೆ.

ನಮ್ಮದು ಮಂಡ್ಯ ಕಡೆ. ನಮ್ಮ ಮನೇಲಿ ಯಾರೂ ಮಾತಾಡೋದಿಲ್ಲ, ಕೂಗ್ತೀವಿ. ನಮ್ಮಪ್ಪ ಊರಿಂದ ಫೋನ್ ಮಾಡಿದರೆ, "ಫೋನ್ ಯಾಕೆ ಮಾವಾ, ಕಿಟಕಿ ತೆಗೆದರೆ ಹಂಗೇ ಕೇಳುತ್ತೆ" ಅಂತ ನಮ್ಮ ಯಜಮಾನರು ಆಡಿಕೊಳ್ಳೋರು. ಅಂಥ ಗಂಟಲು ನನ್ನದು. ಅಣ್ಣಾ ನಗರದ ಒಂದು ಸ್ಕೂಲಿನಲ್ಲಿ ಹನ್ನೊಂದು ಹನ್ನೆರಡನೇ ಕ್ಲಾಸಿಗೆ ಫಿಸಿಕ್ಸ್ ಹೇಳಿಕೊಡುತ್ತಿದ್ದೆ. ಮೈಕು ಮುಟ್ಟಿದವಳಲ್ಲ. ಕೊನೇ ಬೆಂಚಿನಲ್ಲಿ ನಿದ್ದೆ ಮಾಡೋ ಹುಡುಗ ನನ್ನ ಒಂದು 'ಏಯ್'ಗೆ ಎದ್ದು ನಿಂತು ಉತ್ತರಾನೂ ಹೇಳಿಬಿಡೋನು, ತಪ್ಪು ಉತ್ತರ.

ಆ ಅಕ್ಟೋಬರಿನಲ್ಲಿ ಥೈರಾಯ್ಡ್ ಗಡ್ಡೆ ತೆಗೆಸಬೇಕಾಯಿತು. ಆಪರೇಷನ್ ಚೆನ್ನಾಗೇ ಆಯಿತು, ಗಡ್ಡೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಎಚ್ಚರ ಆಗಿ "ನೀರು" ಅಂದೆ ನೋಡಿ, ಬಾಯಿ ಆಡಿತು, ದನಿ ಬರಲಿಲ್ಲ. ಬರೀ ಗಾಳಿ. ತೂತು ಬಿದ್ದ ಸೈಕಲ್ ಟ್ಯೂಬಿನದು ಬರುತ್ತಲ್ಲ, ಅಂಥದ್ದು. ಗಂಟಲಿನ ನರ ಮುನಿಸಿಕೊಂಡಿದೆ ಅಂದರು ಡಾಕ್ಟರು. ಕೆಲವರಿಗೆ ಹೀಗಾಗುತ್ತಂತೆ. ಆರು ತಿಂಗಳಲ್ಲಿ ಬರಬಹುದು, ವರ್ಷ ಆಗಬಹುದು, ಬರದೇನೂ ಇರಬಹುದು. ಅಲ್ಲಿಯವರೆಗೆ ಕೂಗಬಾರದು, ಪಿಸುಗುಟ್ಟಲೂಬಾರದು. ದಿನಾ ಸ್ವಲ್ಪ ಹೊತ್ತು, ಸದ್ದಿಲ್ಲದ ಕಡೆ ಕೂತು, ಮೆಲ್ಲಗೆ 'ಆ' ಅಂತ ಎಳೆದು ಅಭ್ಯಾಸ ಮಾಡಬೇಕು.

ಸದ್ದಿಲ್ಲದ ಕಡೆ! ವೆಸ್ಟ್ ಮಾಂಬಲಂನಲ್ಲಿ! ಅಯ್ಯೋ ಶಿವನೇ, ಆ ಡಾಕ್ಟರ ಮುಖ ನೋಡಿ ನಗಬೇಕು ಅನ್ನಿಸಿತು. ನಗುವುದಕ್ಕೂ ದನಿ ಬೇಕು ಅಂತ ಗೊತ್ತಾಗಿದ್ದು ಆಗಲೇ.

ನಮ್ಮ ಕಿಟಕಿ ಕೆಳಗೆ ಐತಾಳರ ಎಕ್ಸಾಸ್ಟು. ಎದುರಿಗೆ, ಕೈ ಚಾಚಿದರೆ ಸಿಗುವ ದೂರದಲ್ಲಿ, ಪಕ್ಕದ ಕಟ್ಟಡದ ಸೂಪರ್ ಮಾರ್ಕೆಟ್ಟಿನ ಎಸಿ ಕಂಪ್ರೆಸರುಗಳು ಗೋಡೆಗೆ ಸಾಲಾಗಿ ನೇತುಹಾಕಿದ್ದವು. ಇವೆರಡೂ ಬೆಳಗಿನಿಂದ ರಾತ್ರಿ ಎಲ್ಲರೂ ಮಲಗುವವರೆಗೆ ಒಂದೇ ಸಮ. ಅದರ ಮೇಲೆ ಲೋಕಲ್ ಟ್ರೈನು, ನೀರಿನ ಲಾರಿ, ಮೇಲಿನ ಮನೆಯ ಗ್ರೈಂಡರು. ಕಿಟಕಿ ಮುಚ್ಚಿದರೆ ಬೆಂದುಹೋಗಬೇಕು, ತೆಗೆದರೆ ತಲೆ ಸಿಡಿಯಬೇಕು. ಬೇರೆ ಮನೆ ನೋಡೋಣ ಅಂತ ಹೊರಟೆವು. ಒಂದು ಮದುವೆ ಛತ್ರದ ಹಿಂದೆ, ಇನ್ನೊಂದು ಮೆಟ್ರೋ ಕೊರೆಯುವ ಜಾಗದ ಮುಂದೆ. ಊರಿಗೆ ಬಂದುಬಿಡು ಅಂದಳು ಅಮ್ಮ. ಮಗಳ ಸ್ಕೂಲು, ನನ್ನ ಕೆಲಸ, ಎರಡನ್ನೂ ಸೆರಗಲ್ಲಿ ಕಟ್ಟಿಕೊಂಡು ಹೋಗೋಕಾಗುತ್ತಾ? ಇದ್ದಲ್ಲೇ ಉಳಿದೆವು.

ನನಗೆ ಸಿಟ್ಟು ಜಾಸ್ತಿ, ಹುಟ್ಟಿನಿಂದ ಬಂದದ್ದು. ಆ ಸಿಟ್ಟು ಹೋಗೋಕೆ ಇದ್ದ ದಾರಿ ಗಂಟಲೊಂದೇ. ಅದೂ ಮುಚ್ಚಿಹೋಯಿತು. ಆಟೋದವನು ಬೇರೆ ದಾರಿ ಹಿಡಿದರೆ ಸುಮ್ಮನೆ ಕೂತಿರಬೇಕು. ತರಕಾರಿಯವಳು ಕೊಳೆತ ಟೊಮೇಟೊ ಹಾಕಿದರೆ ಬೆರಳು ತೋರಿಸಬೇಕು. ಅದಕ್ಕಿಂತ ಉರಿ ಹತ್ತಿಸುತ್ತಿದ್ದದ್ದು ಇನ್ನೊಂದು: ಬಾಯಿ ಹೋದವಳಿಗೆ ಕಿವಿಯೂ ಹೋಗಿದೆ ಅಂತ ಗಲ್ಲಿಗೆ ಗಲ್ಲಿಯೇ ತೀರ್ಮಾನ ಮಾಡಿತ್ತು. ಎಲ್ಲರೂ ನನ್ನ ಮುಖದ ಹತ್ತಿರ ಬಂದು ಅರಚೋರು. "ಊಟ ಆಯ್ತಾ?" ಅನ್ನೋದನ್ನು ಬೆಂಕಿ ಬಿದ್ದಿದೆ ಅನ್ನೋ ಹಾಗೆ ಕೇಳೋರು. ಫೋನಿನಲ್ಲಿ 'ಕಿವಿ ಸರಿಯಾಗಿದೆ' ಅಂತ ಟೈಪ್ ಮಾಡಿ ತೋರಿಸಿದರೆ, "ಓ, ಸರಿ ಸರಿ!" ಅಂತ ಇನ್ನೂ ಜೋರಾಗಿ ಕೂಗೋರು.

ನನ್ನ ಮಗಳು ಅನು ಆಗ ಮೂರನೇ ಕ್ಲಾಸು. ಇಲ್ಲಿನ ಎಲ್ಲ ಕನ್ನಡದವರ ಮನೆಗಳ ಹಾಗೆ ನಮ್ಮಲ್ಲೂ ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡೋದು. ಅವಳನ್ನು ಕರೆಯೋಕೆ ನಾನು ಚಪ್ಪಾಳೆ ಶುರುಮಾಡಿದೆ. ಒಂದು ತಟ್ಟಿದರೆ ಬಾ, ಎರಡು ತಟ್ಟಿದರೆ ಊಟಕ್ಕೆ ಬಾ. ಮೊದಲ ವಾರ ಅವಳಿಗೆ ಅದು ಆಟ. ಆಮೇಲೆ ಒಂದು ಸಂಜೆ ಅವಳ ಗೆಳತಿಯರು ಬಂದಿದ್ದಾಗ ನಾನು ಅಡುಗೆಮನೆಯಿಂದ ತಟ್ಟಿದೆ. ಅವಳು ಬಂದು ಬಾಗಿಲಲ್ಲಿ ನಿಂತಳು, ಮುಖ ಕೆಂಪಗೆ. "ನಾನ್ ಎನ್ನ ನಾಯಾ ಮಾ?" ಅಂದಳು. ನಾನೇನು ನಾಯಿಯಾ ಅಂತ. ಹೇಳಿ ಹೊರಟುಹೋದಳು. ನಾನು ಒಲೆ ಆರಿಸಿ ಅಲ್ಲೇ ಕೆಳಗೆ ಕೂತುಬಿಟ್ಟೆ. ಅಳು ಬಂತು, ಅದಕ್ಕೂ ಸದ್ದಿಲ್ಲ. ಆಮೇಲೆ ಅವಳು ಗೆಳತಿಯರನ್ನು ಮನೆಗೆ ಕರೆದುಕೊಂಡು ಬರೋದು ಬಿಟ್ಟಳು. ನಾನು ಚಪ್ಪಾಳೆ ಬಿಡಲಿಲ್ಲ, ಬೇರೆ ಏನು ಮಾಡಲಿ?

ಜನವರಿಯಿಂದ ಸ್ಕೂಲಿಗೆ ಅರ್ಧ ದಿನ ಹೋಗತೊಡಗಿದೆ. ಲ್ಯಾಬಿನಲ್ಲಿ ಮಕ್ಕಳ ರೆಕಾರ್ಡ್ ತಿದ್ದೋದು, ಬೀಕರು ಎಣಿಸೋದು. ನನ್ನ ಕ್ಲಾಸುಗಳನ್ನು ಬೇರೆ ಮೇಷ್ಟ್ರೊಬ್ಬರು ತಗೊಳ್ಳುತ್ತಿದ್ದರು. ಅವರ ಪಾಠ ಲ್ಯಾಬಿನ ಗೋಡೆ ದಾಟಿ ಕೇಳಿಸೋದು. ತಪ್ಪು ಮಾಡುತ್ತಿರಲಿಲ್ಲ ಪಾಪ, ಆದರೆ ನನಗೆ ಹಲ್ಲು ಕಡಿಯುವ ಹಾಗಾಗುತ್ತಿತ್ತು. ಪ್ರಿನ್ಸಿಪಾಲರು ಒಳ್ಳೆಯವರು. ಒಂದು ದಿನ ಕರೆದು, ಜೂನ್‌ನಲ್ಲಿ ದನಿ ಇದ್ದರೆ ಕ್ಲಾಸು, ಇಲ್ಲದಿದ್ದರೆ ಲೈಬ್ರರಿ ನೋಡಿಕೊಳ್ಳಿ ಮಿಸ್, ಅಂದರು. ಏಪ್ರಿಲ್ ಕೊನೆಗೆ ಹೇಳಿಬಿಡಿ, ನಾವು ಬೇರೆಯವರನ್ನು ಪರ್ಮನೆಂಟಾಗಿ ತಗೊಳ್ಳಬೇಕಲ್ಲ. ಲೈಬ್ರರಿ! 'ಮೌನವಾಗಿರಿ' ಅಂತ ಬೋರ್ಡು ತಗುಲಿಸಿದ ಕೋಣೆಯಲ್ಲಿ ನಾನು!

ಆಗ ಯಜಮಾನರು ನನ್ನ ಫೋನಿಗೆ ಸದ್ದು ಅಳೆಯುವ ಒಂದು ಆ್ಯಪ್ ಹಾಕಿಕೊಟ್ಟರು. ಅವರು ಗಿರೀಶ, ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ. ದಿನವಿಡೀ ಕಬ್ಬಿಣ ಬಡಿಯುವುದನ್ನು ಕೇಳಿ ಬರುವ ಮನುಷ್ಯನಿಗೆ ಮನೆಯ ಸದ್ದು ಸದ್ದೇ ಅಲ್ಲ. "ನೋಡು ಸವಿತಾ, ದಿನಾ ಇದರ ಮುಂದೆ 'ಆ' ಅನ್ನು. ದನಿ ಬಂದ ದಿನ ನಂಬರ್ ಏರುತ್ತೆ, ಗೊತ್ತಾಗುತ್ತೆ" ಅಂದರು. ಎಷ್ಟು ಚೆನ್ನಾಗಿದೆ ಅನ್ನಿಸಿತು. ನಾನು ಅಳತೆ ನಂಬುವವಳು. ಮಾತು ಕಲಿಸುವ ಥೆರಪಿಸ್ಟ್ ಹತ್ತಿರ ಹೋಗೋದನ್ನು ಅಷ್ಟರಲ್ಲಿ ಬಿಟ್ಟಿದ್ದೆ. ಆಯಮ್ಮ ನನ್ನನ್ನು ಅಂಗನವಾಡಿ ಮಗು ಹಾಗೆ ಮಾತಾಡಿಸುತ್ತಿದ್ದಳು. ಈ ಆ್ಯಪಾದರೋ ಮುದ್ದು ಮಾಡೋದಿಲ್ಲ, ನಂಬರ್ ಹೇಳುತ್ತೆ.

ಮಧ್ಯಾಹ್ನ ಸ್ಕೂಲಿಂದ ಬಂದು, ಊಟ ಮಾಡಿ, ಫೋನನ್ನು ಟೇಬಲ್ ಮೇಲಿಟ್ಟು ಕೂರುತ್ತಿದ್ದೆ. ಸುಮ್ಮನಿದ್ದರೆ ಎಪ್ಪತ್ತೆರಡು. 'ಆ' ಅಂದರೆ ಎಪ್ಪತ್ತೆರಡು. ದಿನಾ ಅದೇ. ಗಂಟಲಿನಲ್ಲಿ ಒಂದೊಂದು ದಿನ ಏನೋ ಇರುವೆ ಹರಿದ ಹಾಗೆ ಜುಮ್ ಅನ್ನೋದು. ತಕ್ಷಣ ನಂಬರ್ ನೋಡುತ್ತಿದ್ದೆ. ಎಪ್ಪತ್ತೆರಡು. ಸರಿ, ನನ್ನ ಭ್ರಮೆ. ಫೆಬ್ರವರಿಯಲ್ಲಿ ಡಾಕ್ಟರು ಕೊಳವೆ ಹಾಕಿ ನೋಡಿ, "ಸ್ವಲ್ಪ ಅಲ್ಲಾಡೋ ಹಾಗಿದೆ, ಅಭ್ಯಾಸ ಬಿಡಬೇಡಿ" ಅಂದಾಗ ನಾನು ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಾರೆ, ನಂಬರ್ ಬೇರೆ ಹೇಳುತ್ತಿದೆಯಲ್ಲ.

ಒಂದು ಮಧ್ಯಾಹ್ನ ಆ ಎಪ್ಪತ್ತೆರಡರ ಮೇಲೆಯೇ ಕೋಪ ಬಂತು. ಇಷ್ಟು ಗಲಾಟೆಯಲ್ಲಿ ಅಭ್ಯಾಸ ಹೇಗೆ ಮಾಡೋದು? ಸೀದಾ ಕೆಳಗಿಳಿದು ಐತಾಳರ ಮುಂದೆ ನಿಂತೆ. ಕುಂದಾಪುರ ಕಡೆಯವರು, ಕ್ಯಾಶ್ ಕೌಂಟರಿನಲ್ಲಿ ಗಂಧದ ಬೊಟ್ಟು ಇಟ್ಟುಕೊಂಡು ಕೂರೋರು, ನಮ್ಮನ್ನು ಕಂಡರೆ ಕನ್ನಡದವರು ಅಂತ ಪ್ರೀತಿ. ಅನುವಿನ ಮ್ಯಾಜಿಕ್ ಸ್ಲೇಟಿನಲ್ಲಿ ಬರೆದು ತೋರಿಸಿದೆ: ನಿಮ್ಮ ಎಕ್ಸಾಸ್ಟಿನಿಂದ ನನ್ನ ಗಂಟಲು ಹೋಗುತ್ತಿದೆ. ಸ್ಲೇಟಿನಲ್ಲಿ ಜಗಳ ಆಡೋದು ಎಂಥ ಶಿಕ್ಷೆ ಅಂತ ಆಡಿದವರಿಗೇ ಗೊತ್ತು. ಒಂದು ಬೈಗುಳ ಬರೆಯೋದರೊಳಗೆ ಎದುರಿಗಿದ್ದವರು ಮೂರು ಗಿರಾಕಿಗಳಿಗೆ ಚಿಲ್ಲರೆ ಕೊಟ್ಟಿರುತ್ತಾರೆ.

"ಎಂತ ಮಾಡುದು ಅಮ್ಮ!" ಅಂತ ಅವರೂ ನನ್ನ ಮುಖಕ್ಕೇ ಅರಚಿದರು. "ಅದು ನಿಲ್ಸಿದ್ರೆ ಒಳಗೆ ನಮ್ಮ ಭಟ್ರು, ಹುಡುಗ್ರು ಎಲ್ಲ ಬೆಂದು ಹೋಗ್ತಾರೆ ಮಾರಾಯ್ರೆ!" ಆಮೇಲೆ ನನ್ನ ಕತ್ತಿನ ಗೆರೆ ನೋಡಿದರೇನೋ, ದನಿ ಇಳಿಯಿತು. "ಇವತ್ತು ಒಂದು ಗಂಟೆ ನಿಲ್ಸಿ ಕಾಂಬ. ನಿಮ್ಗೆ ಆರಾಮ ಆಗ್ತದಾ ಹೇಳಿ."

ಓಡಿ ಮೇಲೆ ಹೋದೆ. ಎಕ್ಸಾಸ್ಟು ನಿಂತಿತು. ಫೋನ್ ನೋಡಿದೆ. ಅರವತ್ತೊಂಬತ್ತು.

ಮೂರೇ ಮೂರು! ಅಷ್ಟು ದೊಡ್ಡ ರಾಕ್ಷಸ ಬಾಯಿ ಮುಚ್ಚಿದರೆ ಮೂರೇ ಕಮ್ಮಿ! ಕಿವಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಎದುರಿನ ಕಂಪ್ರೆಸರುಗಳು, ಇಷ್ಟು ದಿನ ಮರೆಯಲ್ಲಿದ್ದವು, ಈಗ ಎದೆ ಸೆಟೆಸಿ ಗುರ್ ಅನ್ನುತ್ತಿದ್ದವು. ಸೂಪರ್ ಮಾರ್ಕೆಟ್ಟಿನವರಿಗೆ ಅದನ್ನು ನಿಲ್ಲಿಸಿ ಅನ್ನೋಕಾಗುತ್ತಾ, ಗಿರಾಕಿಗಳೆಲ್ಲ ಬೆವೆತು ರಸ್ತೆಗೆ ಬಂದುಬಿಡುತ್ತಾರೆ. ಒಂದು ಗಂಟೆ ಆದ ಮೇಲೆ ಒಳಗಿದ್ದವರ ಪಾಡು ನೆನೆದು ನಾನೇ ಕಿಟಕಿಯಿಂದ ಕೈ ಬೀಸಿ, ಹಾಕಿಕೊಳ್ಳಿ ಅಂತ ಸನ್ನೆ ಮಾಡಿದೆ.

ಸಂಜೆ ಯಜಮಾನರಿಗೆ ಸ್ಲೇಟಿನಲ್ಲಿ ಬರೆದೆ: ಎಕ್ಸಾಸ್ಟು 69, ಕಂಪ್ರೆಸರು 69, ಎರಡೂ ಸೇರಿ 72.

"ಯಾವ ಊರ ಲೆಕ್ಕ ಇದು?" ಅಂದರು. "ಅರವತ್ತೊಂಬತ್ತೂ ಅರವತ್ತೊಂಬತ್ತೂ ನೂರಾ ಮೂವತ್ತೆಂಟಲ್ವಾ? ಫಿಸಿಕ್ಸ್ ಮೇಡಂ ಕೂಡೋದು ಮರೆತುಬಿಟ್ರಾ?"

ಮೈಯೆಲ್ಲ ಉರಿದುಹೋಯಿತು. ವರ್ಷಾ ವರ್ಷಾ ಮಕ್ಕಳಿಗೆ ಹೇಳಿಕೊಟ್ಟ ಪಾಠ ಅದು. ಸ್ಲೇಟು ಅಳಿಸಿ ಅಳಿಸಿ ಬರೆದೆ. ಡೆಸಿಬಲ್ ಅಂದರೆ ಬದನೆಕಾಯಿ ಅಲ್ಲ, ಒಂದರ ಮೇಲೊಂದು ಎಣಿಸೋಕೆ. ಅದು ಮೆಟ್ಟಿಲು. ಸದ್ದು ಹತ್ತರಷ್ಟಾದರೆ ಹತ್ತು ಮೆಟ್ಟಿಲು ಮೇಲೆ. ಎರಡರಷ್ಟಾದರೆ ಮೂರೇ ಮೆಟ್ಟಿಲು. ಅದಕ್ಕೇ ಸಮಸಮ ಇರುವ ಎರಡರಲ್ಲಿ ಒಂದನ್ನು ನಿಲ್ಲಿಸಿದರೆ ಮೂರು ಮೆಟ್ಟಿಲು ಇಳಿಯುತ್ತೆ, ಅಷ್ಟೇ.

"ಒಂದು ದೊಡ್ಡದು, ಒಂದು ಚಿಕ್ಕದು ಇದ್ರೆ?" ಅಂದರು, ಈಗ ನಿಜವಾಗಿ ಕೇಳುವ ಹಾಗೆ.

ಹತ್ತು ಮೆಟ್ಟಿಲು ಕೆಳಗಿರುವ ಸದ್ದು ಲೆಕ್ಕಕ್ಕೇ ಬರೋಲ್ಲ, ಅಂತ ಬರೆದೆ. ದೊಡ್ಡದರ ಜೊತೆ ಅದನ್ನು ಕೂಡಿದರೂ ನಂಬರ್ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಇದೆಯೋ ಇಲ್ಲವೋ ಮೀಟರಿಗೆ ತಿಳಿಯೋಲ್ಲ. ದೊಡ್ಡಕ್ಷರದಲ್ಲಿ ಬರೆದು ಅವರ ಮೂಗಿನ ಮುಂದೆ ಹಿಡಿದೆ. "ಆಯ್ತು ಮೇಡಂ, ಪಾಸ್ ಮಾಡಿ" ಅಂದು ಕೈ ಮುಗಿದರು. ಮಾರನೇ ಮಧ್ಯಾಹ್ನ ನಾನು ಮತ್ತೆ ಫೋನಿನ ಮುಂದೆ ಕೂತು 'ಆ' ಅಂದು, ಎಪ್ಪತ್ತೆರಡು ನೋಡಿ, ಬರಲಿಲ್ಲ ಅಂದುಕೊಂಡು ಎದ್ದೆ.

ಏಪ್ರಿಲ್ ಬಂತು. ಗೋಡೆ ಮುಟ್ಟಿದರೆ ಕೈ ಸುಡೋದು. ನಾನು ಅಭ್ಯಾಸ ಬಿಟ್ಟೆ. ಮನೆಯಲ್ಲಿ ನನ್ನನ್ನು ಯಾರೂ ಮಾತಾಡಿಸೋಕೆ ನೋಡುತ್ತಿರಲಿಲ್ಲ, ಪಾಪ ತೊಂದರೆ ಕೊಡಬಾರದು ಅಂತ. ಆ 'ಪಾಪ'ಕ್ಕಿಂತ ಬೈಗುಳ ವಾಸಿ. ಪ್ರಿನ್ಸಿಪಾಲರು ಯಜಮಾನರಿಗೆ ಫೋನ್ ಮಾಡಿ, ಸೋಮವಾರ ಬಂದು ಹೇಳಲಿ ಅಂದರಂತೆ. ಇವರು ನನ್ನ ಮುಖ ನೋಡಿದರು. "ಲೈಬ್ರರೀನೂ ಒಳ್ಳೇ ಕೆಲಸಾನೇ ಕಣೇ" ಅಂದರು. ನಾನು ತಲೆಯಾಡಿಸಿದೆ. ಮುಗಿಯಿತು ಅಂದುಕೊಂಡೆ. ಇನ್ನು ಈ ಗಲ್ಲಿ, ಈ ಎಪ್ಪತ್ತೆರಡು, ಈ ಚಪ್ಪಾಳೆ, ಸಾಯೋವರೆಗೂ ಇಷ್ಟೇ. ಆ ರಾತ್ರಿ ಊಟ ಸೇರಲಿಲ್ಲ.

ಆ ಸೋಮವಾರಕ್ಕೆ ಮುಂಚಿನ ಶನಿವಾರ ಕರೆಂಟು ತೆಗೆಯುವ ದಿನ. ಲೈನ್ ರಿಪೇರಿಗೆ ಅಂತ ತಿಂಗಳಿಗೊಂದು ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ತೆಗೆಯುತ್ತಾರೆ, ಮುಂಚೆಯೇ ಮೆಸೇಜು ಬರುತ್ತೆ. ಬೇರೆ ತಿಂಗಳುಗಳಲ್ಲಿ ಅವತ್ತು ಐತಾಳರ ಜನರೇಟರು ಶುರುವಾಗೋದು, ಅದು ಎಕ್ಸಾಸ್ಟಿನ ಅಪ್ಪ. ಅದಕ್ಕೇ ನಾನು ಅನುವನ್ನು ಕರೆದುಕೊಂಡು ಎಲ್ಲಾದರೂ ಓಡಿಹೋಗುತ್ತಿದ್ದೆ. ಅವತ್ತು ಹೊರಡೋಕೆ ಚಪ್ಪಲಿ ಹಾಕಿಕೊಳ್ಳುವಾಗ ಐತಾಳರು ಮೆಟ್ಟಿಲು ಹತ್ತಿ ಬಂದರು.

"ಇವತ್ತು ಜನರೇಟರ್ ಇಲ್ಲ ಅಮ್ಮ!" ಅಂತ ಕೂಗಿದರು, ನನ್ನ ಕಿವಿಯ ಬಗ್ಗೆ ಅವರಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. "ಹೋಟ್ಲು ರಜೆ. ಆ ಎಕ್ಸಾಸ್ಟಿನ ಬಾಯಿ ರಸ್ತೆ ಕಡೆಗೆ ತಿರುಗಿಸುವ ಅಂತ ಬಿಚ್ಚಿಸಿದ್ದು. ಬಿಚ್ಚಿ ವರ್ಕ್‌ಶಾಪಿಗೆ ತಗೊಂಡು ಹೋದ್ರು, ಸಂಜೆ ತರ್ತಾರೆ. ನೀವು ಅಂದದ್ದು ನಂಗೆ ತಲೆಯಲ್ಲೇ ಉಳೀತು ಮಾರಾಯ್ರೆ." ಕೈ ಮುಗಿದೆ. ಅಂಥ ಹೊತ್ತಿನಲ್ಲಿ ಒಂದು 'ಥ್ಯಾಂಕ್ಸ್' ಅನ್ನೋಕೂ ಪ್ರಯತ್ನ ಮಾಡದಷ್ಟು ನನ್ನ ಗಂಟಲಿನ ಆಸೆ ಬಿಟ್ಟಿದ್ದೆ.

ಚಪ್ಪಲಿ ಬಿಟ್ಟು ಒಳಗೆ ಬಂದೆ. ಕರೆಂಟು ಹೋಯಿತು. ಫ್ಯಾನು ನಿಧಾನಕ್ಕೆ ನಿಂತಿತು. ಎದುರಿನ ಕಂಪ್ರೆಸರುಗಳು ಒಂದೊಂದಾಗಿ ಕೆಮ್ಮಿ ಸುಮ್ಮನಾದವು. ಅಷ್ಟು ತಿಂಗಳಲ್ಲಿ ಮೊದಲ ಸಲ ಆ ಗಲ್ಲಿಯಲ್ಲಿ ಕಾಗೆ ಕೂಗಿದ್ದು ಕೇಳಿತು. ಯಾರದೋ ಮನೆಯಲ್ಲಿ ಒಗ್ಗರಣೆ ಚಟಪಟ ಅಂದದ್ದೂ ಕೇಳಿತು.

ನಾನು ಅಕ್ಕಿ ರೊಟ್ಟಿಗೆ ಹಿಟ್ಟು ಕಲಸಲು ಕೂತೆ. ಗ್ಯಾಸಿನ ಮೇಲೆ ಹಾಲಿಟ್ಟಿದ್ದೆ. ಎರಡೂ ಕೈ ಮಣಿಕಟ್ಟಿನವರೆಗೆ ಹಿಟ್ಟು, ಈರುಳ್ಳಿ, ಸಬ್ಬಸಿಗೆ ಸೊಪ್ಪು. ಅಷ್ಟರಲ್ಲಿ ಹಾಲು ಉಬ್ಬಿ ಪಾತ್ರೆಯ ಅಂಚಿಗೆ ಬಂತು. ಕೈ ಎತ್ತಿದೆ ಚಪ್ಪಾಳೆ ತಟ್ಟೋಕೆ, ಹಿಟ್ಟು ಮುಖಕ್ಕೆ ಸಿಡಿಯಿತು, ಸದ್ದು ಬರಲಿಲ್ಲ. ಬಾಯಿ ತಾನಾಗೇ ತೆರೆಯಿತು.

"ಅನೂ, ಹಾಲು!"

"ಎನ್ನಮ್ಮಾ? ಇದೋ ವರೇನ್!" ಅಂತ ಒಳಗಿನ ಕೋಣೆಯಿಂದ ಸಿಡುಕು. ಬಂದೆ, ಯಾಕೆ ಪ್ರಾಣ ತೆಗೀತೀಯ, ಅನ್ನುವ ದನಿ.

ಹಾಲು ಉಕ್ಕಿ ಒಲೆ ಮೇಲೆ ಹರಿಯಿತು. ನಾನು ಏಳಲಿಲ್ಲ. ಒಳಗಡೆ ಏನೋ ಕೆಳಗೆ ಬಿತ್ತು, ಓಡಿಬಂದಳು. ಬಾಗಿಲಲ್ಲಿ ನಿಂತು ನನ್ನ ಹಿಟ್ಟಿನ ಮುಖ ನೋಡಿದಳು.

"ಅಮ್ಮಾ, ನೀ ಕೂಗ್ದೆ," ಅಂದಳು. ಕನ್ನಡದಲ್ಲೇ.

ಗ್ಯಾಸ್ ಆರಿಸಿ, ಹಿಟ್ಟಿನ ಕೈಯಲ್ಲೇ ಫೋನ್ ಹುಡುಕಿದೆ. ನಲವತ್ತನಾಲ್ಕು ತೋರಿಸುತ್ತಿತ್ತು. 'ಆ' ಅಂದೆ. ತೆಳ್ಳಗೆ, ಒರಟಾಗಿ, ಯಾರೋ ಬೇರೆ ಹೆಂಗಸಿನ ದನಿ. ಅರವತ್ತು. ಮತ್ತೆ ಅಂದೆ. ಅರವತ್ತು. ಅಯ್ಯೋ, ನನ್ನ ಬುದ್ಧಿಗಿಷ್ಟು! ಎಪ್ಪತ್ತೆರಡರ ಜೊತೆ ಅರವತ್ತು ಕೂಡಿ, ಎಪ್ಪತ್ತೆರಡೇ ಬಂತು ಅಂತ ಅಳುತ್ತಿದ್ದೆನಲ್ಲ! ಯಾವಾಗ ಬಂದಿತ್ತೋ ಏನೋ ಅದು, ಆ ಗದ್ದಲದೊಳಗೆ ನನ್ನ ಜೊತೆಗೇ ಕೂತಿತ್ತು. ನಾನೇ ಸ್ಲೇಟಿನಲ್ಲಿ ಬರೆದು ಗಂಡನ ಮೂಗಿನ ಮುಂದೆ ಹಿಡಿದ ಪಾಠ.

"ಇನ್ನೊಂದ್ಸಲ ಕೂಗು," ಅಂದಳು ಅನು. ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೂಗಿದೆ. ಬಾಗಿಲು ತೆರೆಯಿತು, ಮುಖ ತೋರಿಸಿ ಮತ್ತೆ ಹಾಕಿಕೊಂಡಳು. ಹೀಗೇ ಆಡುತ್ತಿದ್ದೆವು, ಡಾಕ್ಟರ ಮಾತು ನೆನಪಾಗಿ ನಡುನಡುವೆ ಬಿಸಿನೀರು ಕುಡಿಯುತ್ತಾ. ಅಷ್ಟರಲ್ಲಿ ಕರೆಂಟು ಬಂತು. ಕಂಪ್ರೆಸರುಗಳು ಒಟ್ಟಿಗೆ ಗುರ್ ಅಂದವು. ಫೋನ್ ನೋಡಿದೆ, ಅರವತ್ತೊಂಬತ್ತು. "ಅನೂ" ಅಂದೆ. ಅರವತ್ತೊಂಬತ್ತು, ಅಲ್ಲಾಡಲಿಲ್ಲ. ನನಗೇ ನನ್ನ ದನಿ ಸರಿಯಾಗಿ ಕೇಳಲಿಲ್ಲ.

ಬಾಗಿಲು ತೆರೆಯಿತು. "ಕೂಪ್ಟಿಯಾ?" ಅಂದಳು. ಕರೆದೆಯಾ ಅಂತ.

ಸೋಮವಾರ ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತಾಗ ತಲೆ ಮೇಲೆ ಹಳೇ ಎಸಿ ಗೊರಗೊರ ಅನ್ನುತ್ತಿತ್ತು. ಲೈಬ್ರರಿಯ ಬೀಗದ ಕೈ ಗೊಂಚಲು ಮೇಜಿನ ಮೇಲೆ ಸಿದ್ಧವಾಗಿತ್ತು. ನಾನು ಬಾಯಿ ತೆರೆದೆ. ಅವರು ಮುಂದಕ್ಕೆ ಬಾಗಿ ಕಿವಿ ಕೊಟ್ಟರು, ಗೊತ್ತಾಗಲಿಲ್ಲ ಅನ್ನುವ ಹಾಗೆ ತಲೆಯಾಡಿಸಿ, ಬರೆಯಲಿಕ್ಕೆ ಪೆನ್ನು ಮುಂದೆ ತಳ್ಳಿದರು. ನಾನು ಪೆನ್ನು ಮುಟ್ಟಲಿಲ್ಲ. ಎದ್ದು ಹೋಗಿ, ಗೋಡೆಯ ಮೇಲಿದ್ದ ಅವರ ಎಸಿ ಸ್ವಿಚ್ಚನ್ನು ಅವರನ್ನು ಕೇಳದೆ ಆರಿಸಿ, ಬಂದು ಕೂತೆ. ಅದು ಪೂರ್ತಿ ನಿಲ್ಲುವವರೆಗೆ ಕಾದೆ.

"ಲೈಬ್ರರಿ ಬೇಡ ಸಾರ್," ಅಂದೆ. "ಒಂದು ಮೈಕು ಕೊಡಿಸಿ. ನನ್ನ ಕ್ಲಾಸು ನನಗೆ ಬೇಕು."